ಎಡಸುತ್ತಿನ ಕುಣಿತ

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಹೊಳಲ್ಕೆರೆ ನಿಲ್ದಾಣದಲ್ಲಿ ಐದು ನಿಮಿಷ ನಿಲ್ಲುತ್ತದೆ. ನಾನು ಯಾವಾಗಲೂ ಎಡಗಡೆಯ ಕಿಟಕಿ ಹಿಡಿಯುತ್ತಿದ್ದೆ. ಅಲ್ಲಿಂದ ಭಾವನ ಅಂಗಡಿ ಕಾಣುತ್ತದೆ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಭಾವ ಸ್ಟೂಲಿನ ಮೇಲೆ ಕೂತು, ತಲೆ ಬಗ್ಗಿಸಿ, ತುಟಿಯಲ್ಲೇ ಏನೋ ಎಣಿಸುತ್ತ ತಂತಿ ಸುತ್ತುತ್ತಿರುತ್ತಾನೆ. ಅಕ್ಕ ಸತ್ತು ಒಂಬತ್ತು ವರ್ಷವಾಯಿತು. ಅವನ ಕೂದಲು ಇನ್ನೂ ಕಪ್ಪಗಿದೆ. ಹೊಟ್ಟೆ ಸ್ವಲ್ಪ ಬಂದಿದೆ. ಎರಡನೆಯ ಹೆಂಡತಿ ಮಧ್ಯಾಹ್ನ ಊಟದ ಕ್ಯಾರಿಯರ್ ತಂದುಕೊಡುತ್ತಾಳೆ. ಇದನ್ನೆಲ್ಲ ನಾನು ಐದೈದು ನಿಮಿಷದಂತೆ ಕೂಡಿಹಾಕಿಕೊಂಡೆ.

ಎದುರಿಗೆ ಸಿಕ್ಕರೆ ಅವನಿಗೆ ಬಹುವಚನ. ಮನಸ್ಸಿನಲ್ಲಿ ಏಕವಚನ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಅವನ ಅಪರಾಧ ಏನೆಂದರೆ, ಅಕ್ಕನನ್ನು ಮಣ್ಣು ಮಾಡುವಾಗ ನೀರಿನ ಮಡಿಕೆ ಹೊತ್ತು ಗುಂಡಿಯ ಸುತ್ತ ಬಲಸುತ್ತು ಬಂದ. ದೇವರಿಗೆ, ಮದುವೆಯ ಹಾಲುಗಂಬಕ್ಕೆ, ಅರಳಿಮರಕ್ಕೆ ಬಲಸುತ್ತು. ಹೆಣಕ್ಕೆ ಮಾತ್ರ ಎಡಸುತ್ತು, ಗುಂಡಿ ನಮ್ಮ ಎಡಗೈಗೆ ಬರುವ ಹಾಗೆ. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸುವುದಿಲ್ಲ, ಮಕ್ಕಳಿಗೂ ಗೊತ್ತಿರುತ್ತದೆ. ಭಾವ ಮೂರು ಸುತ್ತನ್ನೂ ಬಲಕ್ಕೇ ಸುತ್ತಿದ. ಹನ್ನೊಂದು ತಿಂಗಳಲ್ಲಿ ಇನ್ನೊಂದು ಮದುವೆಯಾದ. ಎರಡನ್ನೂ ಸೇರಿಸಿ ನಾನು ತೀರ್ಪು ಬರೆದೆ: ಹೆಂಡತಿಯನ್ನು ಹೂಳುವಾಗಲೇ ಅವನ ಕಾಲುಗಳು ಮುಂದಿನ ಮದುವೆಯ ಕಂಬ ಸುತ್ತುತ್ತಿದ್ದವು.

ನಾನು ಹೊಲದ ಬದುವಿನ ಮೇಲೆ ನಿಂತು ಕಣ್ಣಾರೆ ನೋಡಿದ್ದೆ. ಹೆಗಲ ಮೇಲಿನ ಮಡಿಕೆ, ಅದರ ತೂತಿನಿಂದ ಸುರಿಯುವ ನೀರು, ಗುಂಪಿನ ಅಂಚಿನಲ್ಲಿ ಚಿಕ್ಕಪ್ಪನ ಬೋಳು ಹಣೆ. ದುಃಖದ ಭರದಲ್ಲಿ ಅಮ್ಮ ಸೆರಗನ್ನು ಬಲಭುಜಕ್ಕೆ ಹೊದ್ದಿದ್ದಳು. ಎಂದೂ ಹಾಗೆ ಉಡದ ಅಮ್ಮ. ಆ ಸೆರಗನ್ನು ನೆನೆದಾಗಲೆಲ್ಲ ಅವನ ಮೇಲಿನ ಸಿಟ್ಟು ಹೊಸದಾಗುತ್ತಿತ್ತು.

ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವವನು. ಯಾವ ಶಾಸನ ತೋರಿಸಿದರೂ ಮೂರು ಪ್ರಶ್ನೆ ಕೇಳಿ ಎಂದು ಹೇಳಿಕೊಡುತ್ತೇನೆ. ಬರೆದವನು ಅಲ್ಲಿದ್ದನೇ? ಆಗಿ ಎಷ್ಟು ದಿನಕ್ಕೆ ಬರೆದ? ಬರೆದದ್ದರಿಂದ ಅವನಿಗೇನು ಸಿಕ್ಕಿತು? ನನ್ನ ಬಾಲ್ಯದ ನೆನಪುಗಳನ್ನೂ ಈ ಪ್ರಶ್ನೆ ಕೇಳಿ ಒಂದೊಂದಾಗಿ ಕೆಡವಿದ್ದೇನೆ. ಬಲಸುತ್ತಿನ ನೆನಪನ್ನು ಮಾತ್ರ ಕೇಳಿರಲಿಲ್ಲ.

ಹೋದ ವರ್ಷ ಚಿತ್ರದುರ್ಗದ ಹವ್ಯಾಸಿ ತಂಡವೊಂದರಲ್ಲಿ ಸೇರಿಕೊಂಡೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ, ರಂಗಭೂಮಿಯಲ್ಲಿ ತರಬೇತಿ ಪಡೆದ ಮೇಡಂ ಒಬ್ಬರು ನಿರ್ದೇಶಕಿ. ಸಾವು, ದುಃಖದ ಮೇಲೆ ನಾಟಕ. ನಟರು ನಾವೇ ನಮ್ಮ ನಮ್ಮ ನೆನಪು ತಂದು ಕಟ್ಟಬೇಕು. ಕೊನೆಯಲ್ಲಿ ಜೋಡಿ ಕುಣಿತ. ಹಳೆಯ ಇಂಗ್ಲಿಷ್ ಸಿನಿಮಾಗಳಲ್ಲಿ ದೊಡ್ಡ ಹಾಲಿನೊಳಗೆ ಗಂಡು ಹೆಣ್ಣು ಕೈಹಿಡಿದು ತಿರುಗುತ್ತಾರಲ್ಲ, ಆ ವಾಲ್ಟ್ಸ್.

“ನಮ್ಮ ಕಡೆ ಗಂಡ ಹೆಂಡತಿ ನಾಲ್ಕು ಜನರ ಮುಂದೆ ಕೈ ಹಿಡಿಯೋದು ಧಾರೆ ದಿನ ಒಂದೇ ಸಲ,” ಅಂದರು ಮೇಡಂ. “ಆಮೇಲೆ ಇಲ್ವೇ ಇಲ್ಲ. ಸತ್ತೋರ ಜೊತೆ ಆದ್ರೂ ಕುಣೀಲಿ.”

ನನ್ನ ಜೋಡಿಯಾಗಿ ಸಿಕ್ಕವರು ಹಿರಿಯೂರಿನ ಹೆಂಗಸು, ಬಸ್ಸಿನಲ್ಲಿ ಕಂಡಕ್ಟರ್. ಧರ್ಮಪುರದ ರೂಟಿನಲ್ಲಿ ಎಷ್ಟೋ ವರ್ಷ ನಿಂತೇ ತಿರುಗಿದ ಕಾಲು. ನನ್ನದು ಕರಿಹಲಗೆಯ ಮುಂದೆ ಮೂರು ಹೆಜ್ಜೆ ಆಚೆ, ಮೂರು ಹೆಜ್ಜೆ ಈಚೆ ಓಡಾಡಿದ ಕಾಲು. ಮೊದಲ ದಿನ ನಾನು ಅವರ ಬೆನ್ನಿನ ಮೇಲೆ ಕೈ ಇಡಲು ಹೆದರಿ ಗಾಳಿಯಲ್ಲೇ ಹಿಡಿದಿದ್ದೆ.

“ಮೇಷ್ಟ್ರೇ, ಗಟ್ಟಿಯಾಗಿ ಹಿಡ್ಕಳ್ರಿ. ಕಾಪಿ ಹೊಡ್ದೋನ ಪೇಪರ್ ಹಿಡ್ದಂಗೆ ಬೆರಳತುದೀಲಿ ಹಿಡೀತೀರಲ್ಲ! ಎಪ್ಪತ್ತು ಜನರ ಮಧ್ಯ ತೂರ್ಕಂಡು ಟಿಕೆಟ್ ಕೊಡೋಳು ನಾನು. ನಿಮ್ಮೊಬ್ರ ಕೈಗೆ ಹೆದರ್ತೀನಾ?”

ಒಂದು, ಎರಡು, ಮೂರು. ಒಂದಕ್ಕೆ ದೊಡ್ಡ ಹೆಜ್ಜೆ, ಎರಡಕ್ಕೆ ಪಕ್ಕಕ್ಕೆ, ಮೂರಕ್ಕೆ ಕಾಲು ಕೂಡಿಸುವುದು. ಗಂಡಸು ಬಾಯಿಬಿಟ್ಟು ಏನೂ ಹೇಳುವಂತಿಲ್ಲ. ಯಾವ ಕಡೆ ತಿರುಗಬೇಕೆಂಬುದನ್ನು ಅಂಗೈಯಿಂದಲೇ ತಿಳಿಸಬೇಕು. ನನ್ನ ಅಂಗೈ ಏನನ್ನೂ ತಿಳಿಸುತ್ತಿರಲಿಲ್ಲ. “ಡ್ರೈವರ್ ಬ್ರೇಕ್ ಹಾಕೋ ಮುಂಚೇನೇ ನಂಗೆ ಗೊತ್ತಾಗುತ್ತೆ. ನಿಮ್ದು ಮಾತ್ರ ಗೊತ್ತಾಗಲ್ಲ ನೋಡ್ರಿ,” ಅನ್ನುತ್ತಿದ್ದರು.

ಮೊದಲು ಅಭ್ಯಾಸ ಮಾಡುತ್ತಿದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಮೂರನೆಯ ಭಾನುವಾರ ಮೇಡಂ ನಾಲ್ಕೂ ಜೋಡಿಗಳನ್ನು ಹಾಲಿನ ಸುತ್ತ ತಿರುಗಿಸಲು ಶುರುಮಾಡಿದರು. ಈ ಕುಣಿತದಲ್ಲಿ ಎಲ್ಲ ಜೋಡಿಗಳೂ ಒಂದೇ ದಿಕ್ಕಿಗೆ ಸುತ್ತಬೇಕು, ಹಾಲಿನ ನಡುಭಾಗ ಗಂಡಸಿನ ಎಡಕ್ಕೆ ಬರಬೇಕು, ಇಲ್ಲದಿದ್ದರೆ ಡಿಕ್ಕಿ ಅಂದರು. ಅರ್ಧ ಸುತ್ತು ಆಗಿರಲಿಲ್ಲ, ಕಂಡಕ್ಟರ್ ಕೈಬಿಟ್ಟು ನಿಂತುಬಿಟ್ಟರು.

“ಮೇಡಂ, ಇದು ಎಡಸುತ್ತು.”

ಮಿಕ್ಕವರೂ ನಿಂತರು. ಬಾಗಿಲಲ್ಲಿ ಕೂತಿದ್ದ ಮಂಟಪದ ಕಾವಲಿನವ ಎದ್ದು ಒಳಗೇ ಬಂದ. “ಏನ್ರಿ ಇದು? ನಾಳೆ ಇಲ್ಲಿ ಧಾರೆ ಐತೆ. ಹೆಣದ ಸುತ್ತು ಹಾಕ್ತಾ ಇದೀರಲ್ರಿ! ಹೆಣ್ಣಿನ ಕಡೆಯೋರಿಗೆ ಗೊತ್ತಾದ್ರೆ ನನ್ನನ್ನೇ ಇಲ್ಲಿ ಹೂಳ್ತಾರೆ.”

“ಇದು ಆ ಕುಣಿತದ ನಿಯಮ ಕಣಪ್ಪಾ,” ಅಂದರು ಮೇಡಂ. “ಅವರ ದೇಶದಲ್ಲೆಲ್ಲ ಹೀಗೇ ಸುತ್ತೋದು.”

“ಅವರ ದೇಶದಾಗೆ ಹೆಣನ ಯಾವ ಕಡೆ ಸುತ್ತುತಾರೆ ಮೇಡಂ?” ಎಂದು ಕಂಡಕ್ಟರ್ ಕೇಳಿದರು.

ಅವತ್ತೇ ಹೊರಗೆ ಬಿದ್ದೆವು. ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಾಗ ನಾನು ಬಾಯಿಬಿಟ್ಟೆ. ಹೆಣಕ್ಕೆ ಬಲಸುತ್ತು ಬಂದ ಒಬ್ಬ ಗಂಡನನ್ನು ನಾನು ಬಲ್ಲೆ ಅಂದೆ. ಎಲ್ಲವನ್ನೂ ಹೇಳಿದೆ. ಮೇಡಂ ತಿನ್ನುವುದು ನಿಲ್ಲಿಸಿದರು. ನಾಟಕದ ಕೊನೆಯ ದೃಶ್ಯ ಆ ಮೇಜಿನ ಮೇಲೆಯೇ ಹುಟ್ಟಿತು. ನಡುವೆ ಗುಂಡಿ. ಸುತ್ತ ಊರಿನವರು ಜೋಡಿಜೋಡಿಯಾಗಿ ಎಡಸುತ್ತು ಕುಣಿಯುತ್ತಾರೆ. ಗಂಡನೊಬ್ಬ ಮಾತ್ರ ಸತ್ತ ಹೆಂಡತಿಯನ್ನು ತಬ್ಬಿಕೊಂಡು ಬಲಕ್ಕೆ ಸುತ್ತುತ್ತ, ಎದುರು ಬಂದವರಿಗೆಲ್ಲ ಡಿಕ್ಕಿ ಹೊಡೆಯುತ್ತಾನೆ.

“ಗಂಡನ ಪಾತ್ರ ನೀವೇ ಮಾಡಿ ಸರ್,” ಅಂದರು ಮೇಡಂ.

ಸಂತೋಷದಿಂದ ಒಪ್ಪಿದೆ. ಭಾವನಾಗಿ ನಾನೇ ಕುಣಿಯಬೇಕು. ಅವನು ಎದುರಿಗೆ ಕೂತು ನೋಡಬೇಕು. ಹೊಳಲ್ಕೆರೆಯಲ್ಲಿ ಮೊದಲ ಪ್ರದರ್ಶನ ಇಡೋಣವೆಂದು ಹಟ ಹಿಡಿದವನು ನಾನೇ. ಅವನ ಗಿರಾಕಿಗಳು, ಅವನ ಬೀದಿಯವರು, ಹೊಸ ಹೆಂಡತಿ ಎಲ್ಲರೂ ಬರುವಂತಾಗಬೇಕು. ಹೆಸರು ಹೇಳಬೇಕಾಗಿಯೇ ಇಲ್ಲ. ಅಕ್ಕನ ಮಣ್ಣಿಗೆ ಬಂದಿದ್ದವರಲ್ಲಿ ಹತ್ತು ಜನ ನೋಡಿದರೂ ಸಾಕು, ಹೊಳೆಯುತ್ತದೆ.

ಅಭ್ಯಾಸ ಉಣ್ಣೆ ಸೊಸೈಟಿಯ ಖಾಲಿ ಗೋದಾಮಿಗೆ ಹೋಯಿತು. ಅಲ್ಲಿ ಯಾರದೂ ತಕರಾರಿಲ್ಲ. ನೆಲದಲ್ಲಿ ಕುರಿಯ ಉಣ್ಣೆಯ ಎಳೆಗಳು, ಬರಿಗಾಲಿಗೆ ಅಂಟುತ್ತಿದ್ದವು. ಮೂರು ತಿಂಗಳು ಕಲಿತೆ. ಹಿಂದೆ ನಾನು ಯಾವುದನ್ನೂ ಅಷ್ಟು ಶ್ರದ್ಧೆಯಿಂದ ಕಲಿತವನಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಎಣಿಸುತ್ತಿದ್ದೆ, ಹಲ್ಲುಜ್ಜುವಾಗ ಎಣಿಸುತ್ತಿದ್ದೆ. ಒಂದು ಅನ್ನುವಾಗ ಕಾಲನ್ನು ಯಾರದೋ ಎದೆಯ ಮೇಲೆ ಇಟ್ಟಂತೆ ಇಡುತ್ತಿದ್ದೆ. “ಸರ್, ಇದು ದುಃಖದ ಕುಣಿತ, ನೀವು ಜೇಡ ತುಳ್ದಂಗೆ ತುಳೀತೀರಿ,” ಅಂತ ಮೇಡಂ ಬೈದರು. ಆಮೇಲೆ, ಇರಲಿ, ಅದೂ ಚೆನ್ನಾಗಿದೆ ಅಂದರು.

ಪ್ರದರ್ಶನಕ್ಕೆ ವಾರವಿರುವಾಗ ಹೊಳಲ್ಕೆರೆಯಲ್ಲಿ ಬಸ್ಸಿನಿಂದ ಇಳಿದೆ. ಎಂಟು ವರ್ಷದಲ್ಲಿ ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದೆ.

“ಏನಪ್ಪ, ದಾರಿ ತಪ್ಪಿ ಬಂದ್ಯಾ? ಕುಂತ್ಕ,” ಅಂದ ಭಾವ. ಟೀಗೆ ಹೇಳಿದ. ಕೈ ನಿಲ್ಲಿಸಲಿಲ್ಲ.

“ನಾಟಕ ಮಾಡ್ತಾ ಇದೀವಿ ಭಾವ. ನೀವು ಬರ್ಲೇಬೇಕು. ಮುಂದಿನ ಸಾಲಲ್ಲಿ ಜಾಗ ಇಟ್ಟಿರ್ತೀನಿ.”

“ಮೇಷ್ಟ್ರು ನಾಟಕಾನೂ ಮಾಡ್ತೀರಾ? ಯಾವ ಪಾರ್ಟು?”

“ಗಂಡನ ಪಾರ್ಟು. ಹೆಂಡ್ತಿ ಸತ್ತೋಗಿರ್ತಾಳೆ.”

ತಂತಿ ನಿಂತಿತು. “ಲೆಕ್ಕ ತಪ್ತು ನೋಡು,” ಎಂದು ಸುತ್ತಿದ್ದಷ್ಟನ್ನೂ ಬಿಚ್ಚಲು ಶುರುಮಾಡಿದ. ನನಗೆ ಬಹಳ ಸುಖವಾಯಿತು. ಟೀ ಕುಡಿಯದೆ ಎದ್ದುಬಂದೆ.

ಪ್ರದರ್ಶನದ ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಫೋನು ತೆಗೆದು ಹಿಂದಿನ ದಿನದ ಅಭ್ಯಾಸದ ವಿಡಿಯೊ ನೋಡುತ್ತ ಕೂತೆ. ಕುಣಿಯುವಾಗ ನಮಗೆ ನಾವೇ ಕಾಣಲಿ ಎಂದು ಮೇಡಂ ಫೋನನ್ನು ಉಣ್ಣೆಯ ಮೂಟೆಯ ಮೇಲೆ ಒರಗಿಸಿ, ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದರು. ನೋಡುತ್ತ ನೋಡುತ್ತ ಗೊಂದಲವಾಯಿತು. ಬಲಕ್ಕೆ ಸುತ್ತಬೇಕಾದ ನಾನು ಎಡಕ್ಕೆ ಸುತ್ತುತ್ತಿದ್ದೇನೆ. ಎಡಕ್ಕೆ ಸುತ್ತಬೇಕಾದ ಊರೆಲ್ಲ ಬಲಕ್ಕೆ. ಗೋದಾಮಿನ ಗೋಡೆಯ ಮೇಲಿನ ‘ಧೂಮಪಾನ ಮಾಡಬಾರದು’ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿತ್ತು. ಆ ಫೋನು ಚಿತ್ರವನ್ನು ಕನ್ನಡಿಯ ಹಾಗೇ ಉಳಿಸಿಕೊಂಡಿತ್ತು, ಅಷ್ಟೇ. ಫೋನು ಮುಚ್ಚುವವನಿದ್ದೆ. ಆಗ ಕಂಡಕ್ಟರ್ ಈ ಕಡೆ ತಿರುಗಿದರು. ಅವರ ಸೆರಗು ಬಲಭುಜದ ಮೇಲಿತ್ತು.

ವಿಡಿಯೊವನ್ನು ಅಲ್ಲೇ ನಿಲ್ಲಿಸಿದೆ. ಚಿಕ್ಕಪ್ಪನ ಬೋಳು ಹಣೆ ನೆನಪಾಯಿತು. ಗುಂಪಿನ ಅಂಚಿನಲ್ಲಲ್ಲ, ಚಿತ್ರದ ಅಂಚಿನಲ್ಲಿ, ಕೆಳಗೆ, ಅರ್ಧ ಕತ್ತರಿಸಿದಂತೆ. ಬದುವಿನ ಮೇಲೆ ನಿಂತವನಿಗೆ ಒಂದು ಹಣೆ ಹಾಗೆ ಕಾಣಲು ಹೇಗೆ ಸಾಧ್ಯ?

ಹೊಳಲ್ಕೆರೆಯಲ್ಲಿ ಇಳಿದವನೇ ಅಮ್ಮನಿಗೆ ಫೋನು ಮಾಡಿದೆ.

“ಅಮ್ಮಾ, ಅಕ್ಕನ್ನ ಮಣ್ಣು ಮಾಡೋವಾಗ ಸೆರಗು ಯಾವ ಕಡೆ ಹೊದ್ದಿದ್ದೆ?”

“ಏನ್ ಕೇಳ್ತಿದ್ಯೋ? ಎಡಕ್ಕೇ. ಇನ್ನೆಲ್ಲಿಗೆ ಹೊದಿಲಿ?”

“ಭಾವ ಯಾವ ಕಡೆ ಸುತ್ತಿದ್ರು?”

“ಎಲ್ರೂ ಸುತ್ತೋ ಕಡೆ. ಎಡಕ್ಕೆ.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ನಲ್ಲೋ, ಆವಾಗ್ಲೇ! ನೀನೇ, ‘ನಿಂಗವತ್ತು ಗ್ಯಾನ ಇರ್ಲಿಲ್ಲಮ್ಮ, ನಾನು ಕಣ್ಣಾರೆ ನೋಡಿದೀನಿ’ ಅಂದೆ. ಓದಿದೋನು ಹೇಳ್ತಾನೆ, ಇರ್ಬೌದು ಅಂದ್ಕಂಡೆ.” ಆಮೇಲೆ ಅವಳೇ ಕೇಳಿದಳು: “ಅಲ್ಲ, ನೀನೆಲ್ಲೋ ನೋಡಿದ್ದು? ನೀನು ಬರೋ ಹೊತ್ತಿಗೆ ನಾವು ಕೈಕಾಲು ತೊಳ್ಕಂಡು ಕುಂತಿದ್ವಿ. ನಿಂಗೆ ತೋರ್ಸಾಕೆ ಅಂತ ನಿನ್ನ ಚಿಕ್ಕಪ್ಪ ಫೋನಾಗೆ ತೆಗ್ದಿದ್ದ.”

ಚಿಕ್ಕಪ್ಪನ ಹತ್ತಿರ ಆ ವಿಡಿಯೊ ಇನ್ನೂ ಇತ್ತು. ಅರ್ಧ ಗಂಟೆಯಲ್ಲಿ ಕಳಿಸಿದ. ಅದು ಅವನ ಮೊದಲ ಸ್ಮಾರ್ಟ್‌ಫೋನು. ಮುಂದಿನ ಕ್ಯಾಮೆರಾವನ್ನು ಹಿಂದಿನದಕ್ಕೆ ಬದಲಿಸುವುದು ಗೊತ್ತಿಲ್ಲದೆ ಗುಂಡಿಗೆ ಬೆನ್ನು ಹಾಕಿ ನಿಂತು, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಕೆಳಗೆ ಅವನ ಹಣೆ. ಹಿಂದೆ ಮಡಿಕೆ ಹೊತ್ತ ಭಾವ, ಬಲಕ್ಕೆ. ಅಮ್ಮನ ಸೆರಗು, ಬಲಕ್ಕೆ. ಒಂಬತ್ತು ವರ್ಷ ನಾನು ಕಣ್ಣಾರೆ ಕಂಡದ್ದೆಲ್ಲ ನಲವತ್ತು ಸೆಕೆಂಡಿನಲ್ಲಿ ಮುಗಿಯಿತು.

ಅಕ್ಕನಿಗೆ ಜ್ವರ ಎಂದು ಅಮ್ಮ ಮೊದಲು ಫೋನು ಮಾಡಿದಾಗ ನಾನು ಮೈಸೂರಿನಲ್ಲಿದ್ದೆ. ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಓದುವುದಿತ್ತು. ಮುಗಿಸಿಕೊಂಡು ಬರುತ್ತೇನೆ ಅಂದೆ. ಎರಡನೆಯ ಸಲವೂ ಅದನ್ನೇ ಅಂದೆ. ಇಷ್ಟನ್ನು ನಾನು ಎಂದೂ ಮರೆತಿರಲಿಲ್ಲ. ಮರೆಯದೆ ಇದ್ದೂ, ನನ್ನನ್ನು ತಂದು ಬದುವಿನ ಮೇಲೆ ಹೇಗೆ ನಿಲ್ಲಿಸಿಕೊಂಡೆನೋ ಅರ್ಥವಾಗಲಿಲ್ಲ.

ಪ್ರದರ್ಶನಕ್ಕೆ ಇನ್ನೂ ಆರು ಗಂಟೆ ಇತ್ತು. ಮೇಡಂಗೆ ಹೇಳಬಹುದಿತ್ತು. ಎಲ್ಲರ ಜೊತೆ ಎಡಕ್ಕೇ ಸುತ್ತುತ್ತೇನೆ ಅಂದಿದ್ದರೆ ಅವರು ಬೇಡ ಅನ್ನುತ್ತಿರಲಿಲ್ಲ. ಹೇಳಲಿಲ್ಲ. ದೃಶ್ಯ ಕೆಡುತ್ತದೆ ಎಂದು ನೆಪ ಹೇಳಿಕೊಂಡೆ. ನಿಜವೆಂದರೆ, ಅವನು ಬಲಕ್ಕೆ ಸುತ್ತದಿದ್ದರೂ ಹನ್ನೊಂದು ತಿಂಗಳಿಗೆ ಮದುವೆಯಾಗಿದ್ದನಲ್ಲ. ಊಟದ ಕ್ಯಾರಿಯರ್ ಇತ್ತಲ್ಲ. ಮೂರು ತಿಂಗಳು ಹದಗೊಳಿಸಿದ ಸೇಡನ್ನು ಒಂದು ವಿಡಿಯೊಗಾಗಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಸಂಜೆ ಭಾವ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಬ್ಬನೇ. ನಾನು ತೋರಿಸಿದ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲೇ ಕೂತ.

ಕೊನೆಯ ದೃಶ್ಯ. ಮೂರು ಜೋಡಿ ಎಡಕ್ಕೆ ತೇಲತೊಡಗಿದವು. ಪ್ರೇಕ್ಷಕರಲ್ಲಿ ಗುಸುಗುಸು ಶುರುವಾಯಿತು. ಎಡಸುತ್ತು ಅವರಿಗೆ ಕೂಡಲೇ ಗುರುತು ಸಿಕ್ಕಿತ್ತು. ನಾನು ಕಂಡಕ್ಟರ್ ಬೆನ್ನಿಗೆ ಅಂಗೈ ಒತ್ತಿದೆ. ಒಂದು, ಎರಡು, ಮೂರು. ಆಮೇಲೆ ಬಲಕ್ಕೆ ತಿರುಗಿದೆ. ಮೊದಲ ಜೋಡಿಗೆ ಡಿಕ್ಕಿ. ಎರಡನೆಯದಕ್ಕೆ ಡಿಕ್ಕಿ. ಹಿಂದಿನಿಂದ ಮುದುಕಿಯೊಬ್ಬಳು “ಅಯ್ಯೋ, ಉಲ್ಟಾ ಹೋಗ್ತಾನಲ್ಲೇ ಇವನು!” ಅಂದಳು. ಇದೇ ಮಾತಿಗಾಗಿ ನಾನು ಕಾದಿದ್ದೆ. ಮೂರೂ ಸುತ್ತು ಭಾವನ ಮುಖವನ್ನೇ ನೋಡುತ್ತ ಕುಣಿದೆ. ಅವನ ತುಟಿ ಅಲುಗುತ್ತಿತ್ತು. ತಂತಿ ಸುತ್ತುವಾಗಿನ ಹಾಗೆ ನಮ್ಮ ಹೆಜ್ಜೆ ಎಣಿಸುತ್ತಿದ್ದ.

ಮುಗಿದ ಮೇಲೆ ಅವನು ಪರದೆಯ ಹಿಂದಕ್ಕೆ ಬಂದ. ನಾನು ಜಗಳಕ್ಕೆ ಸಿದ್ಧನಾಗಿ ನಿಂತೆ. ಮಾತುಗಳೂ ತಯಾರಿದ್ದವು.

“ಚೆನ್ನಾಗಿ ಕುಣಿದೆ ಕಣಪ್ಪ,” ಅಂದ. “ಗಂಡನ ಪಾರ್ಟು ಅಂತ ನಂಗೆ ಸುಳ್ಳು ಹೇಳಿದ್ಯಲ್ಲ?”

“ಸುಳ್ಳಲ್ಲ ಭಾವ.”

“ಆ ಉಲ್ಟಾ ಹೋಗೋನು ನೀನೇ ಅಲ್ವೇನೋ? ನಂಗೊತ್ತಾಗಲ್ವಾ? ಅವತ್ತು ನಾವೆಲ್ಲ ಮಣ್ಣು ಹಾಕಿ ಊರ ಕಡೆ ಬರ್ತಿದ್ವಿ. ನೀನೊಬ್ನೇ ಬ್ಯಾಗ್ ಹಾಕ್ಕಂಡು ಎದುರಿಗೆ ಓಡಿ ಬಂದೆ. ಎಲ್ರಿಗೂ ಡಿಕ್ಕಿ ಹೊಡ್ಕಂಡು. ನನ್ನ ಭುಜಕ್ಕೂ ಹೊಡ್ದೆ, ನಿಲ್ಲಲೇ ಇಲ್ಲ.” ಅವನು ತನ್ನ ಎಡಭುಜ ಮುಟ್ಟಿಕೊಂಡ. “ನಿಂಗೆ ನೆನಪೈತೋ ಇಲ್ವೋ ಅಂದ್ಕಂಡಿದ್ದೆ. ಅಷ್ಟೂ ನೆನಪಿಟ್ಕಂಡಿದೀಯ.”

ನನಗೆ ಅದು ನೆನಪಿಲ್ಲ. ಈಗಲೂ ಇಲ್ಲ. ಕೈಕಾಲು ತೊಳೆದು ಕೂತಿದ್ದೆವು ಅನ್ನುತ್ತಾಳೆ ಅಮ್ಮ, ದಾರಿಯಲ್ಲಿ ಎದುರಾದೆ ಅನ್ನುತ್ತಾನೆ ಭಾವ. ಇಬ್ಬರು ಸಾಕ್ಷಿಗಳು ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು: ನಾನು ತಡವಾಗಿ ಬಂದೆ.

“ಮನೆಗೆ ಬಾ, ಉಂಡು ಹೋಗು,” ಅಂದ.

“ಬಸ್ಸಿದೆ ಭಾವ.”

“ಬಸ್ಸು ಯಾವಾಗ್ಲೂ ಇರುತ್ತೆ,” ಎಂದು ಹೋದ. ಚುಚ್ಚಿದನೋ ಸಮಾಧಾನ ಹೇಳಿದನೋ ಅವನ ಮುಖದಲ್ಲಿ ತಿಳಿಯಲಿಲ್ಲ. ಚುಚ್ಚಿದ್ದೇ ಆದರೆ ನನಗಿಂತ ಒಳ್ಳೆಯ ಕೆಲಸಗಾರ ಅವನು. ಇದನ್ನು ಬರೆಯುವಾಗಲೂ ಅವನು ಚುಚ್ಚಿರಲಿ ಎಂದೇ ಆಸೆಪಡುತ್ತಿದ್ದೇನೆ.

ನಿಲ್ದಾಣದಲ್ಲಿ ಕಂಡಕ್ಟರ್ ಚಿತ್ರದುರ್ಗದ ಬಸ್ಸಿಗೆ ಕಾಯುತ್ತಿದ್ದರು. ಚೀಲದಿಂದ ಚಕ್ಕುಲಿ ತೆಗೆದು ನನಗೂ ಕೊಟ್ಟರು. ಅವರಿಗೆ ಹೇಳಬೇಕೆನಿಸಿತು. “ನನ್ನ ಭಾವ ಎಡಕ್ಕೇ ಸುತ್ತಿದ್ದರಂತೆ. ನನ್ನದೇ ತಪ್ಪು.”

“ಯಾವಾಗ ಗೊತ್ತಾಯ್ತು?”

“ಈಗ, ನಾಟಕ ಆದ್ಮೇಲೆ,” ಅಂದೆ.

ಅವರು ಚಕ್ಕುಲಿ ಮುರಿಯುತ್ತ ನಕ್ಕರು. “ಮೇಷ್ಟ್ರೇ, ಪಾಸ್ ಇಲ್ದೆ ಪಾಸ್ ಐತೆ ಅನ್ನೋರನ್ನ ದಿನಾ ನೋಡ್ತೀನಿ. ಮೂರು ತಿಂಗಳು ನಿಮ್ಮ ಕೈ ಏನೂ ಹೇಳ್ತಿರ್ಲಿಲ್ಲ. ಇವತ್ತು ಹೇಳ್ತು. ಮೊದಲ್ನೇ ಒಂದಕ್ಕೆ ಎಡಕ್ಕೆ ಹೋಗಾಣ ಅಂತು. ನಾನೂ ಎಡಕ್ಕೆ ವಾಲಿದೆ. ಆಮೇಲೆ ನನ್ನನ್ನ ಎಳ್ದು ಬಲಕ್ಕೆ ತಿರುಗಿಸಿದ್ರಿ. ಬೇಕಂತ.”

ಬೇರೆ ಯಾರು ಹೇಳಿದ್ದರೂ ಆಧಾರ ಕೇಳುತ್ತಿದ್ದೆ. ಅವರ ಬಸ್ಸು ಬಂತು, ಹತ್ತಿ ಹೋದರು.

ಎದುರಿಗೆ ಭಾವನ ಅಂಗಡಿಯ ಷಟರ್ ಎಳೆದಿತ್ತು. ಹೊಸದುರ್ಗದ ಬಸ್ಸಿನಲ್ಲಿ ಕೂತು ಚಿಕ್ಕಪ್ಪನ ವಿಡಿಯೊವನ್ನು ಫೋನಿನಲ್ಲೇ ಎಡಬಲ ಮಾಡಿದೆ. ಅದಕ್ಕೊಂದು ಗುಂಡಿ ಇದೆ, ಒತ್ತಿದರೆ ಸಾಕು. ಈಗ ಭಾವ ಎಡಕ್ಕೆ ಸುತ್ತಿದ. ಅಮ್ಮನ ಸೆರಗು ಎಡಭುಜಕ್ಕೆ ಬಂತು. ಚಿಕ್ಕಪ್ಪನ ಹಣೆ ಈ ಮೂಲೆಯಿಂದ ಆ ಮೂಲೆಗೆ ಹೋಯಿತು. ಬದುವೂ ಕಾಣುತ್ತದೆ, ಹಿಂದೆ, ತುಸು ಮಸುಕಾಗಿ. ಅದರ ಮೇಲೆ ನಾಲ್ಕೈದು ಜನ ನಿಂತಿದ್ದಾರೆ. ಒಬ್ಬೊಬ್ಬರನ್ನೇ ದೊಡ್ಡದು ಮಾಡಿ ನೋಡಿದೆ. ಮತ್ತೆ ಮೊದಲಿನ ಹಾಗೆ ತಿರುಗಿಸಿ ನೋಡಿದೆ. ಯಾವುದರಲ್ಲೂ ನಾನಿಲ್ಲ.